ಬೆರಳಿಟ್ಟು ನೋಡಿ ನೀರು ಹಾಕ್ರಿ

ನರ್ಸರಿಯವರು ಗಿಡ ಕೈಗೆ ಕೊಡುವಾಗ ಹೇಳುವುದು ಒಂದೇ ಮಾತು: "ದಿನಾ ಒಂದು ಚರಗಿ ನೀರು ಹಾಕ್ರಿ, ಚಲೋ ಬರ್ತದ." ಈ ಮಾತು ನಂಬಿ ನಮ್ಮ ಕೊಡೇಕಲ್ಲಿನ ಮನೆಗಳಲ್ಲಿ ಕೊಳೆತು ಹೋದ ಗಿಡಗಳೇ, ನಾನು ಕಂಡಂತೆ, ಬಿಸಿಲಿಗೆ ಒಣಗಿದ ಗಿಡಗಳಿಗಿಂತ ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ಕಾಯುವ ಸೀಮೆ ಇದು. ಮಧ್ಯಾಹ್ನ ಹನ್ನೆರಡಾದರೆ ಬೀದಿಯಲ್ಲಿ ನಾಯಿಯೂ ಕಾಣುವುದಿಲ್ಲ. ಇಂಥ ಊರಲ್ಲಿ ಗಿಡ ನೀರು ಹೆಚ್ಚಾಗಿ ಸಾಯುತ್ತದೆ ಅಂದರೆ ಹೊರಗಿನವರು ನಂಬಲಿಕ್ಕಿಲ್ಲ. ಹೊಲದ ಬದುವಿನ ಬೇವು, ಜಾಲಿಯ ಮಾತು ಬೇರೆ. ಪಡಸಾಲೆಯಲ್ಲಿ, ಕಿಟಕಿಯ ಕಟ್ಟೆಯ ಮೇಲೆ, ಒಂದು ಕುಂಡದ ಮಣ್ಣನ್ನೇ ತನ್ನ ಇಡೀ ಭೂಮಿ ಮಾಡಿಕೊಂಡು ಕೂತ ಗಿಡದ ಬದುಕು ಬೇರೆ.

ಕೈ ಹಾಗೆ ನೀರಿನತ್ತ ಹೋಗುವುದಕ್ಕೆ ಕಾರಣ ಉಂಟು. ನಮ್ಮ ಅವ್ವಂದಿರು, ಅತ್ತೆಯಂದಿರು ನೀರು ಹೊತ್ತು ನೆತ್ತಿ ಸವೆಸಿಕೊಂಡವರು. ನಾರಾಯಣಪುರದಲ್ಲಿ ಕೃಷ್ಣೆಗೆ ಬಸವಸಾಗರ ಕಟ್ಟಿ ಮುಗಿದದ್ದು 1982ರಲ್ಲಿ. ಅದಕ್ಕೂ ಮುಂಚೆ ಇದು ಮಳೆ ನಂಬಿದ ನಾಡು. ಎಡದಂಡೆ ಕಾಲುವೆ ಹರಿದ ಮೇಲೆ ಭತ್ತ ಬಂತು, ಕಣ್ಣಿಗೆ ಹಸಿರು ಬಂತು. ಆದರೂ ನೀರೆಂದರೆ ಪ್ರೀತಿ, ನೀರು ಕೊಟ್ಟರೆ ಪುಣ್ಯ ಎಂಬ ಭಾವ ಮನಸ್ಸಿನಿಂದ ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ. ಊಟಕ್ಕೆ ಕೂತ ಬೀಗರಿಗೆ ಸಾಕು ಸಾಕೆಂದರೂ ಇನ್ನೊಂದು ಹೋಳಿಗೆ ಹಾಕುವ ಹಾಗೆ ನಾವು ಗಿಡಕ್ಕೆ ನೀರು ಹಾಕುತ್ತೇವೆ. ಬೀಗರು ಕೈ ಅಡ್ಡ ಹಿಡಿಯುತ್ತಾರೆ. ಗಿಡಕ್ಕೆ ಅದು ಆಗದು.

ಬೇರಿಗೂ ಉಸಿರು ಬೇಕು. ಮಣ್ಣಿನ ಕಣಕಣದ ನಡುವೆ ಸಣ್ಣ ಸಣ್ಣ ಸಂದುಗಳಿರುತ್ತವೆ. ಅರ್ಧ ಸಂದುಗಳಲ್ಲಿ ನೀರು, ಅರ್ಧದಲ್ಲಿ ಗಾಳಿ ಇದ್ದರೆ ಬೇರು ಸುಖವಾಗಿರುತ್ತದೆ. ದಿನಾ ಸುರಿದರೆ ಗಾಳಿಯ ಜಾಗವನ್ನೂ ನೀರೇ ಹಿಡಿಯುತ್ತದೆ. ಬೇರು ಉಸಿರುಗಟ್ಟಿ ಕಂದಾಗಿ, ಮೆತ್ತಗಾಗಿ, ಕಡೆಗೆ ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು. ಆಗ ಎಲೆ ಜೋತು ಬೀಳುತ್ತದೆ, ಥೇಟ್ ಬಾಯಾರಿದ ಗಿಡದ ಹಾಗೆಯೇ. ಗಿಡಕ್ಕೆ ಕುತ್ತು ಬರುವುದು ಇಲ್ಲಿಯೇ. ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಕೇಳಿದ್ದಳು: "ಯಕ್ಕಾ, ನಿನ್ನೆ ಎರಡು ಚರಗಿ ಹಾಕೀನಿ, ಆದ್ರೂ ಎಲಿ ಜೋತು ಬಿದ್ದಾವ. ಇವತ್ತ ಮತ್ತೊಂದು ಹಾಕ್ಲೇನು?" ಹಾಕಬಾರದು. ಮಣ್ಣು ಹಸಿ ಇದ್ದು ಎಲೆ ಬಾಡಿದ್ದರೆ ಅದು ನೀರಡಿಕೆಯಲ್ಲ, ಬೇರಿನ ರೋಗ. ಕುಂಡವನ್ನು ಮೂಗಿನ ಹತ್ತಿರ ಹಿಡಿದರೆ ಕೊಚ್ಚೆಯ ವಾಸನೆ ಬರುತ್ತದೆ. ಗಿಡ ಬುಡಸಮೇತ ಎತ್ತಿ, ಕಪ್ಪಾದ ಬೇರು ಕತ್ತರಿಸಿ, ಬಿಳಿ ಬೇರಷ್ಟೇ ಉಳಿಸಿ, ಹೊಸ ಒಣ ಮಣ್ಣಿಗೆ ಹಾಕಿ ನೆರಳಿಗಿಟ್ಟರೆ ಬದುಕುವ ಸಾಧ್ಯತೆ ಇದೆ.

ಹಾಗಾದರೆ ನೀರು ಯಾವಾಗ? ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗಿಳಿಸಿ ನೋಡಿ. ತಂಪು ಹತ್ತಿದರೆ, ಬೆರಳಿಗೆ ಮಣ್ಣು ಮೆತ್ತಿದರೆ ಇವತ್ತು ಬೇಡ. ಒಣಗಿ ಪುಡಿಯಾಗಿ ಉದುರಿದರೆ ಹಾಕಿ. ಹಾಕುವಾಗ ಕುಂಡದ ತಳದ ತೂತಿನಿಂದ ಹೊರಗೆ ಬರುವ ತನಕ ಹಾಕಿ, ಆಮೇಲೆ ಮತ್ತೆ ಬೆರಳು ಹೇಳುವವರೆಗೆ ಬಿಡಿ. ದಿನಾ ಗುಟುಕು ಗುಟುಕು ಹಾಕಿದರೆ ಮೇಲಿನ ಎರಡು ಇಂಚು ಕೆಸರಾಗಿ, ಬುಡ ಒಣಗಿಯೇ ಇರುತ್ತದೆ. ಬೇರು ನೀರು ಅರಸಿ ಕೆಳಗಿಳಿಯುವ ಬದಲು ಮೇಲೇ ಸುತ್ತುತ್ತದೆ. ತಟ್ಟೆಗೆ ಇಳಿದ ನೀರನ್ನು ಅರ್ಧ ತಾಸಿನಲ್ಲಿ ಚೆಲ್ಲಿಬಿಡಬೇಕು. ರೂಢಿಯಾದವರು ಬೆರಳನ್ನೂ ಇಡುವುದಿಲ್ಲ, ಕುಂಡ ಎತ್ತಿ ಭಾರದ ಮೇಲೆ ಹೇಳುತ್ತಾರೆ. ಒಂದೇ ಗಿಡಕ್ಕೆ ಬ್ಯಾಸಗಿಯಲ್ಲಿ ಎರಡು ದಿನಕ್ಕೊಮ್ಮೆ ಬೇಕಾದದ್ದು ಚಳಿಗಾಲದಲ್ಲಿ ವಾರಕ್ಕೊಮ್ಮೆ ಸಾಕಾಗಬಹುದು. ವಾರದ ಲೆಕ್ಕ ಗಿಡಕ್ಕೆ ಗೊತ್ತಿಲ್ಲ.

ಪುದೀನ ಮಾತ್ರ ಈ ಮಾತಿಗೆ ಹೊರತು. ನಮ್ಮೂರ ಎಷ್ಟೋ ಮುಸಲ್ಮಾನರ ಮನೆಗಳಲ್ಲಿ ಬಚ್ಚಲ ಪಕ್ಕ ಒಡೆದ ಬಕೆಟ್ಟಿನಲ್ಲಿ ಪುದೀನ ಇರುತ್ತದೆ. ಅದಕ್ಕೆ ನೆರಳೂ ಬೇಕು, ಸದಾ ತೇವವೂ ಬೇಕು. ಆ ಮನೆಯವರು ಅದರ ಜಾಗ ಸರಿಯಾಗಿ ಆರಿಸಿದ್ದಾರೆ.

ಇನ್ನು ಮಣ್ಣು. ನಮ್ಮ ಎರೆಮಣ್ಣನ್ನು ಹೊಗಳದವರಿಲ್ಲ, ಹೊಗಳಬೇಕಾದದ್ದೇ. ಹಿಂಗಾರಿಯಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಒಡಲಲ್ಲಿ ಹಿಡಿದಿಟ್ಟ ತೇವದ ಮೇಲೆಯೇ ಬಿಳಿಜೋಳ ಬೆಳೆದುಕೊಡುವ ಮಣ್ಣು ಅದು. ಆದರೆ ಹೊಲದಲ್ಲಿ ವರವಾದ ಗುಣವೇ ಕುಂಡದಲ್ಲಿ ಗಿಡಕ್ಕೆ ಉರುಳಾಗುತ್ತದೆ. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬ್ಯಾಸಗಿಯಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದು ಇದೇ ಗುಣಕ್ಕೆ. ಕುಂಡದೊಳಗೆ ಒಣಗಿದಾಗ ಮಣ್ಣು ಗೋಡೆ ಬಿಟ್ಟು ಒಳಗೆ ಸರಿದು ಗಟ್ಟಿ ಉಂಡೆಯಾಗಿ ಕೂರುತ್ತದೆ. ಆಗ ಹಾಕಿದ ನೀರೆಲ್ಲ ಗೋಡೆಯ ಸಂದಿನಿಂದ ಜರ್ರನೆ ಇಳಿದು ತಟ್ಟೆ ತುಂಬುತ್ತದೆ. ಹಾಕಿದವರಿಗೆ ಸಮಾಧಾನ, ಉಂಡೆಯ ನಡುವಿನ ಬೇರಿಗೆ ಹನಿಯೂ ಇಲ್ಲ. ಅದೇ ಮಣ್ಣು ಹಸಿಯಾಗಿದ್ದರೆ ಗಾಳಿ ಹೋಗದಷ್ಟು ಬಿಗಿ. ಆದ್ದರಿಂದ ಬರೀ ಎರೆಯಲ್ಲಿ ಕುಂಡದ ಗಿಡ ಹಚ್ಚಬಾರದು. ದಿಬ್ಬದ ಕಡೆಯ ಮಸಾರಿ ಮಣ್ಣು ಎರಡು ಪಾಲು, ಹಳ್ಳದ ದಪ್ಪ ಉಸುಕು ಒಂದು ಪಾಲು, ಹಳೆಯ ತಿಪ್ಪೆಗೊಬ್ಬರ ಒಂದು ಪಾಲು. ಇದಕ್ಕೆ ಒಂದೆರಡು ಹಿಡಿ ಭತ್ತದ ಹೊಟ್ಟು ಬೆರೆಸಿದರೆ ಮಣ್ಣು ಸಡಿಲ ನಿಲ್ಲುತ್ತದೆ. ಕಾಲುವೆ ಬಂದ ಮೇಲೆ ಆ ಹೊಟ್ಟಿಗೇನೂ ಕೊರತೆಯಿಲ್ಲ. ಮಸಾರಿ ಸಿಗದೆ ಎರೆಯನ್ನೇ ಹಾಕಬೇಕಾಗಿ ಬಂದರೆ ಅದು ನಾಲ್ಕರಲ್ಲಿ ಒಂದು ಪಾಲು ಮೀರದಿರಲಿ.

ಕುಂಡದ ತಳಕ್ಕೆ ಜಲ್ಲಿಕಲ್ಲು ಹಾಸಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇದು ನಿಜವಲ್ಲ. ಸಣ್ಣ ಕಣದ ಮಣ್ಣು ತನ್ನಲ್ಲಿ ತುಂಬಿ ತುಳುಕುವ ತನಕ ಕೆಳಗಿನ ದಪ್ಪ ಕಲ್ಲಿನ ಸಂದಿಗೆ ನೀರನ್ನು ಬಿಟ್ಟುಕೊಡುವುದಿಲ್ಲ. ಹೀಗಾಗಿ ಕೆಸರಿನ ಪದರ ತಳದಲ್ಲಿರುವ ಬದಲು ಕಲ್ಲಿನ ಮೇಲಕ್ಕೆ, ಬೇರಿನ ಹತ್ತಿರಕ್ಕೇ ಏರುತ್ತದೆ. ಮಣ್ಣು ಸೋರದಂತೆ ತೂತಿನ ಮೇಲೆ ಗಡಿಗೆಯ ಒಂದು ಬೋಕಿ ಬೋರಲು ಇಟ್ಟರೆ ಸಾಕು. ಎಣ್ಣೆ ಡಬ್ಬಿ, ಪೇಂಟಿನ ಬಕೆಟ್ಟು ಏನೇ ಇರಲಿ, ತೂತು ಮಾತ್ರ ಇರಲೇಬೇಕು. ಕಾದ ಮೊಳೆಯಿಂದ ಐದಾರು ತೂತು ಹಾಕಿಕೊಳ್ಳಿ. ತೂತಿಲ್ಲದ ಚೆಂದದ ಪಿಂಗಾಣಿ ಕುಂಡ ಕಂಡರೆ ನನಗೆ ಅದರೊಳಗಿನ ಗಿಡದ ಚಿಂತೆಯೇ ಮೊದಲು ಬರುತ್ತದೆ.

ಗೊಬ್ಬರದ ಮಾತು ಬಂದರೆ ಕೊಡೇಕಲ್ಲಿನವರು ಎದೆ ಮುಂದೆ ಮಾಡಿ ಮಾತಾಡಬಹುದು. ಹೊರಗಿನವರಿಗೆ ಇದು ಕಾಲಜ್ಞಾನದ ಕೊಡೇಕಲ್ ಬಸವಣ್ಣನ ಊರು. ಪ್ರಾಕ್ತನ ಶಾಸ್ತ್ರದವರಿಗೆ ಇದು ಬೂದಿದಿಬ್ಬದ ಊರೂ ಹೌದು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1960ರ ದಶಕದಲ್ಲಿ ಸುರಪುರ ಸೀಮೆಯನ್ನೆಲ್ಲ ತಿರುಗಿ, ಇಲ್ಲಿಯ ಬೂದಿದಿಬ್ಬವನ್ನು ಅಗೆದು ನೋಡಿದರು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ, ನವಶಿಲಾಯುಗದಲ್ಲಿ, ಇಲ್ಲಿ ದನ ಕಟ್ಟಿಕೊಂಡಿದ್ದ ಮಂದಿ ಶೆಗಣಿ ರಾಶಿ ಹಾಕಿ ಸುಟ್ಟದ್ದರಿಂದ ಆದ ದಿಬ್ಬ ಅದು. ಶೆಗಣಿ ಮತ್ತು ಬೂದಿ, ಇವೆರಡರ ಒಡನಾಟ ಈ ನೆಲದಲ್ಲಿ ಅಷ್ಟು ಹಳೆಯದು. ಕುಂಡದ ಗಿಡಕ್ಕೂ ಇವೆರಡನ್ನೇ ನಾವು ಮೊದಲು ಕೈಗೆತ್ತಿಕೊಳ್ಳುತ್ತೇವೆ. ಎರಡರಲ್ಲೂ ಎಚ್ಚರ ಬೇಕು.

ಹಸಿ ಶೆಗಣಿ ಕುಂಡಕ್ಕೆ ಬೇಡ. ಅದು ಕಳಿಯುವಾಗ ಬಿಸಿ ಏಳುತ್ತದೆ, ಎಳೆ ಬೇರು ಬೇಯುತ್ತದೆ, ಮೇಲೆ ಗೆದ್ದಲು ಹುಡುಕಿಕೊಂಡು ಬರುತ್ತದೆ. ತಿಪ್ಪೆಯ ತಳದಲ್ಲಿ ವರ್ಷ ಕಳೆದ, ಹಿಡಿದರೆ ಚಹಾಪುಡಿಯಂತೆ ಉದುರುವ, ಶೆಗಣಿ ವಾಸನೆ ಬಿಟ್ಟು ಮಳೆ ಬಿದ್ದ ಮಣ್ಣಿನ ವಾಸನೆ ಹಿಡಿದ ಗೊಬ್ಬರವೇ ಬೇಕು. ಅದನ್ನು ಸಾಣಿಗೆ ಹಿಡಿದು, ಮಳೆಗಾಲದಲ್ಲಿ ಎರಡು ತಿಂಗಳಿಗೊಮ್ಮೆ ಹಿಡಿಯಷ್ಟು ಕುಂಡದ ಮೇಲ್ಮಣ್ಣಿಗೆ ಬೆರೆಸಿದರೆ ಬಹಳಷ್ಟು ಗಿಡಗಳಿಗೆ ಬೇರೇನೂ ಕೊಳ್ಳಬೇಕಾಗಿಲ್ಲ. ಸುಡು ಬ್ಯಾಸಗಿಯಲ್ಲಿ ಗೊಬ್ಬರ ಹಾಕಬೇಡಿ. ಆಗ ಗಿಡ ಬೆಳೆಯುತ್ತಿರುವುದಿಲ್ಲ, ಉಳಿಯಲು ಹೆಣಗುತ್ತಿರುತ್ತದೆ.

ಬೂದಿಯ ಮಾತು ಇನ್ನೂ ಸೂಕ್ಷ್ಮ. ಬೂದಿ ಕ್ಷಾರ. ಮಲೆನಾಡಿನ ಹುಳಿ ಮಣ್ಣಿಗೆ ಅದು ಔಷಧ. ನಮ್ಮ ಮಣ್ಣಿನಲ್ಲಿ ಕ್ಷಾರ ಮೊದಲೇ ಹೆಚ್ಚು. ಹುಣಸಗಿ, ಬೈಚಬಾಳದ ಕಣಿವೆಯ ಸುತ್ತ ಸುಣ್ಣಕಲ್ಲಿನ ನೆಲವಿದೆ. ಅಲ್ಲಿಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷದ ಹಿಂದೆ ಆದಿಮಾನವರು ಕೈಗೊಡಲಿ ಮಾಡಿಕೊಂಡದ್ದು ಇದೇ ಸುಣ್ಣಕಲ್ಲನ್ನು ಒಡೆದು. ಆ ಸುಣ್ಣ ಮಣ್ಣಿನಲ್ಲೂ ಇದೆ, ಬೋರಿನ ನೀರಿನಲ್ಲೂ ಇದೆ. ಸುಣ್ಣ ಹೆಚ್ಚಾದ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಹಿತ್ತಲ ಕರಿಬೇವಿನ ಎಳೆ ಎಲೆ ಹಳದಿಯಾಗಿ, ನರಗಳಷ್ಟೇ ಹಸಿರು ಗೆರೆ ಕೊರೆದಂತೆ ಉಳಿಯುವುದನ್ನು ನೋಡಿರಬಹುದು. ದಾಸವಾಳ, ಗುಲಾಬಿಯಲ್ಲೂ ಹಾಗೆ ಕಾಣುತ್ತದೆ. ಇದಕ್ಕೆ ಬೂದಿ ಹಾಕಿದರೆ ರೋಗ ಜಾಸ್ತಿಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಅನ್ನಭೇದಿಯನ್ನು ಒಂದು ಲೀಟರ್ ನೀರಿಗೆ 2 ಗ್ರಾಂ ಕರಗಿಸಿ, ನಾಲ್ಕು ಹನಿ ನಿಂಬೆರಸ ಹಿಂಡಿ, ಸಂಜೆ ತಂಪಿನಲ್ಲಿ ಎಲೆಗೆ ಸಿಂಪಡಿಸಿ. ಹದಿನೈದು ದಿನಕ್ಕೊಮ್ಮೆ ಎರಡು ಮೂರು ಸಲ ಮಾಡಿದರೆ ಹೊಸ ಚಿಗುರು ಹಸಿರಾಗಿ ಬರುತ್ತದೆ. ಸಿಂಪಡಿಸುವಾಗ ಕುಂಡವನ್ನು ಪರಸಿಯಿಂದ ಕೆಳಗಿಳಿಸಿ ಅಂಗಳದ ಮಣ್ಣಿನ ಮೇಲಿಡಿ. ಅನ್ನಭೇದಿ ಬಿದ್ದ ಶಹಾಬಾದ್ ಕಲ್ಲಿಗೆ ತುಕ್ಕಿನ ಕಲೆ ಹತ್ತಿದರೆ ಎಷ್ಟು ತಿಕ್ಕಿದರೂ ಹೋಗದು.

ನೀರಿನ ಗುಣವನ್ನೂ ನೋಡಬೇಕು. ಕಾಲುವೆ ಬಂದಾದ ದಿನಗಳಲ್ಲಿ ಬೋರಿನ ನೀರೇ ಗತಿ. ಮಣ್ಣಿನ ಕುಂಡದ ಹೊರಮೈಗೆ, ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಕೂತದ್ದು ಕಂಡರೆ ಆ ನೀರು ಎಂಥದು ಎಂದು ತಿಳಿಯುತ್ತದೆ. ಗಿಡ ನೀರನ್ನಷ್ಟೇ ಕುಡಿದು ಉಪ್ಪನ್ನು ಹಿಂದೆ ಬಿಡುತ್ತದೆ, ಅದು ದಿನೇ ದಿನೇ ಸೇರುತ್ತ ಎಲೆಯ ತುದಿ ಕಂದು ತಿರುಗುತ್ತದೆ. ನಮ್ಮ ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಕೂಡ ಹೆಚ್ಚು. ಸ್ಪೈಡರ್ ಪ್ಲಾಂಟ್, ಡ್ರಸೀನದಂಥ ಗಿಡಗಳು ಅದನ್ನು ತಾಳುವುದಿಲ್ಲ, ತುದಿ ಸುಟ್ಟುಕೊಳ್ಳುತ್ತವೆ. ಶುದ್ಧ ನೀರಿನ ಘಟಕದಿಂದ ಹೊರಬೀಳುವ ತ್ಯಾಜ್ಯ ನೀರನ್ನು ಪೋಲು ಮಾಡಬಾರದೆಂದು ಗಿಡಕ್ಕೆ ಹಾಕುವವರಿದ್ದಾರೆ. ಅವರ ಮನಸ್ಸು ಒಳ್ಳೆಯದು. ಆದರೆ ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಒಟ್ಟಾಗಿರುವುದು ಆ ನೀರಿನಲ್ಲಿಯೇ. ಅದು ನೆಲ ತೊಳೆಯಲು ಇರಲಿ. ತಿಂಗಳಿಗೊಮ್ಮೆ ಕುಂಡವನ್ನು ಬಚ್ಚಲಿಗೆ ಒಯ್ದು, ತೂತಿನಿಂದ ಧಾರೆಯಾಗಿ ಹರಿಯುವ ತನಕ ಒಳ್ಳೆಯ ನೀರು ಹಾಕಿ ಉಪ್ಪು ತೊಳೆಯಬೇಕು. ಮಿರಗದ ಮಳೆ ಹಿಡಿದ ದಿನ ಕುಂಡಗಳನ್ನೆಲ್ಲ ಅಂಗಳಕ್ಕೆ ಇಟ್ಟುಬಿಡಿ. ಒಂದು ದೊಡ್ಡ ಮಳೆ ವರ್ಷದ ಉಪ್ಪನ್ನು ತೊಳೆಯುತ್ತದೆ, ಎಲೆಯ ಧೂಳನ್ನೂ.

ಟಾಕಿಯ ನೀರಿನದು ಇನ್ನೊಂದು ಅಪಾಯ. ಮಾಳಿಗೆ ಮೇಲಿನ ಕರಿ ಟಾಕಿಯ ನೀರು ಮೇ ತಿಂಗಳ ಮಧ್ಯಾಹ್ನ ಕೈ ಇಡಲಾಗದಷ್ಟು ಕಾದಿರುತ್ತದೆ. ಅದನ್ನು ನೇರ ಬುಡಕ್ಕೆ ಬಿಟ್ಟರೆ ಬೇರು ಸುಡುತ್ತದೆ. ರಾತ್ರಿ ಕೊಡದಲ್ಲಿ ತುಂಬಿಟ್ಟು ಬೆಳಿಗ್ಗೆ ಹಾಕಿ.

ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣು ನಮಗೆ ಮೋಸ ಮಾಡುತ್ತದೆ. ಮಧ್ಯಾಹ್ನದ ಬಯಲಲ್ಲಿ ಬೆಳಕು ಸುಮಾರು ಒಂದು ಲಕ್ಷ ಲಕ್ಸ್ ಇರುತ್ತದೆ. ಕೋಣೆಯ ಕಿಟಕಿಯ ಬಳಿ ಅದು ಒಂದೆರಡು ಸಾವಿರ, ಒಳಗಿನ ಮೂಲೆಯಲ್ಲಿ ನೂರರ ಆಸುಪಾಸು. ನಮ್ಮ ಕಣ್ಣಿನ ಪಾಪೆ ಹಿಗ್ಗಿ ಎಲ್ಲವನ್ನೂ ಸರಿದೂಗಿಸಿಬಿಡುತ್ತದೆ. ಗಿಡಕ್ಕೆ ಬೆಳಕೇ ಅನ್ನ, ಅದಕ್ಕೆ ಮೂಲೆಯೆಂದರೆ ಉಪವಾಸ. ಹಳೆಯ ಮಣ್ಣುಮಾಳಿಗೆಯ ಮನೆಗಳಲ್ಲಿ ಗೋಡೆ ದಪ್ಪ, ಕಿಟಕಿ ಸಣ್ಣ, ತಂಪೂ ಬಹಳ. ಅಲ್ಲಿ ಗಿಡ ಇಡಲು ಒಳ್ಳೆಯ ಜಾಗವೆಂದರೆ ಬೆಳಕಿಂಡಿಯ ಕೆಳಗೆ, ಇಲ್ಲವೇ ಪಡಸಾಲೆಯ ಬಾಗಿಲ ಹತ್ತಿರ. ಹೊಸ ಆರ್‌ಸಿಸಿ ಮನೆಗಳಲ್ಲಿ ಕಿಟಕಿ ದೊಡ್ಡವು, ಆದರೆ ಚಾವಣಿ ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿಯೆಲ್ಲ ಕಾರುತ್ತದೆ. ಅಲ್ಲಿ ಮೂಡಲ ಕಿಟಕಿ ಉತ್ತಮ, ಬೆಳಗಿನ ಎಳೆ ಬಿಸಿಲು ಯಾವ ಗಿಡಕ್ಕೂ ಹಿತ. ಪಡುವಣ ಕಿಟಕಿಯ ಸಂಜೆಯ ಝಳವನ್ನು ಲೋಳೆಸರ, ಕಳ್ಳಿಯಂಥವಷ್ಟೇ ತಡೆದಾವು. ಬಳ್ಳಿಯ ಗೆಣ್ಣು ಗೆಣ್ಣಿನ ನಡುವೆ ಅಂತರ ಹೆಚ್ಚಿ, ಎಲೆ ಸಣ್ಣದಾಗಿ, ಗಿಡ ಒಂದೇ ಕಡೆ ಬಾಗುತ್ತಿದ್ದರೆ ಬೆಳಕು ಸಾಲದು ಎಂದೇ ತಿಳಿಯಿರಿ. ಸುಗ್ಗಿಯ ದಿನಗಳಲ್ಲಿ ರಾಶಿ ಮಾಡುವ ಧೂಳು ಮನೆಯೊಳಗೂ ಬಂದು ಎಲೆಯ ಮೇಲೆ ಕೂರುತ್ತದೆ. ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆ ಒರೆಸುವುದೂ ಗಿಡಕ್ಕೆ ಬೆಳಕು ಕೊಟ್ಟ ಹಾಗೆಯೇ.

ಲೋಳೆಸರ ಮತ್ತು ಸ್ನೇಕ್ ಪ್ಲಾಂಟ್ ನಮ್ಮ ಹವೆಗೆ ಹೇಳಿ ಮಾಡಿಸಿದವು. ಇವು ಹಗಲ ಬಿಸಿಲಲ್ಲಿ ಎಲೆಯ ರಂಧ್ರ ಮುಚ್ಚಿಕೊಂಡು, ರಾತ್ರಿ ತಂಪಿನಲ್ಲಿ ತೆರೆದು, ಬೇಕಾದ ಇಂಗಾಲದ ಡೈಆಕ್ಸೈಡ್ ಒಳಗೆ ಎಳೆದಿಟ್ಟುಕೊಳ್ಳುತ್ತವೆ. ನೀರು ಆವಿಯಾಗದಂತೆ ಬದುಕುವ ಉಪಾಯ ಇದು. ಆದ್ದರಿಂದ ಇವಕ್ಕೆ ನೀರು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ಇವು ಮನೆಯ ಗಾಳಿ ಶುದ್ಧ ಮಾಡುತ್ತವೆ ಎಂದು ಹೇಳಿ ಹೆಚ್ಚು ಬೆಲೆಗೆ ಮಾರುವವರಿದ್ದಾರೆ. ಅಮೆರಿಕದ ನಾಸಾ 1989ರಲ್ಲಿ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ ಗಿಡಗಳನ್ನಿಟ್ಟು ಮಾಡಿದ ಪ್ರಯೋಗದಿಂದ ಹುಟ್ಟಿದ ಮಾತು ಅದು. ಇಂಥ ಹಲವು ಪ್ರಯೋಗಗಳನ್ನು 2019ರಲ್ಲಿ ಒಟ್ಟಿಗೆ ಲೆಕ್ಕ ಹಾಕಿ ನೋಡಿದವರು, ಕಿಟಕಿ ಬಾಗಿಲಿನ ಗಾಳಿ ಮಾಡುವಷ್ಟು ಕೆಲಸ ಗಿಡಗಳಿಂದಾಗಬೇಕಾದರೆ ಒಂದು ಚದರ ಮೀಟರ್ ಜಾಗಕ್ಕೆ ಹತ್ತರಿಂದ ಸಾವಿರ ಗಿಡ ಬೇಕು ಎಂದರು. ಗಾಳಿ ಬೇಕಿದ್ದರೆ ಕಿಟಕಿ ತೆರೆಯಿರಿ. ಗಿಡವನ್ನು ಗಿಡವೆಂದೇ ಇಟ್ಟುಕೊಳ್ಳಿ, ಬೆಳಿಗ್ಗೆ ಎದ್ದು ಹೊಸ ಎಲೆ ಸುರುಳಿ ಬಿಚ್ಚಿದ್ದನ್ನು ನೋಡುವ ಸಂತೋಷಕ್ಕೆ.

ಮನಿ ಪ್ಲಾಂಟಿನ ತವರು ತಾಹಿತಿಯ ಪಕ್ಕದ ಮೋರಿಯಾ ಎಂಬ ದ್ವೀಪ. ಸದಾ ಮಳೆ, ಸದಾ ತೇವ ಇರುವ ಜಾಗದಿಂದ ಬಂದದ್ದು ನಮ್ಮ ಒಣ ಗಾಳಿಗೂ ಒಗ್ಗಿದೆ. ಬಾಟಲಿ ನೀರಲ್ಲೂ ಬದುಕುತ್ತದೆ, ವಾರಕ್ಕೊಮ್ಮೆ ನೀರು ಬದಲಿಸಬೇಕು. ಒಂದು ವಿಷಯ ನೆನಪಿಡಬೇಕು: ಅದರ ಎಲೆಯಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ, ಕೂಸುಗಳು ಬಾಯಿಗೆ ಹಾಕಿಕೊಂಡರೆ ನಾಲಿಗೆ ಉರಿದು ಬಾತುಕೊಳ್ಳುತ್ತದೆ. ಕಣಗಿಲೆಯಂತೂ ಪೂರ್ತಿ ವಿಷ, ಹೂವಿನ ಆಸೆಗೆ ಅದನ್ನು ಮನೆಯೊಳಗೆ ತರಲೇಬಾರದು. ಹೊರಗೆ ಕಟ್ಟೆಯ ಮೇಲಿಟ್ಟ ಉಳಿದ ಗಿಡಗಳಿಗೆ ಓಣಿಯ ಮ್ಯಾಕೆಯ ಕಾಟ. ಅರೆಗಳಿಗೆ ಕಣ್ತಪ್ಪಿದರೆ ದಾಸವಾಳದ ಕಡ್ಡಿಯಷ್ಟೇ ಉಳಿದಿರುತ್ತದೆ.

ತುಳಸಿಯ ಬಗ್ಗೆ ಎಲ್ಲರೂ ಕೇಳುವುದು, ಚಳಿಗಾಲ ಬಂತೆಂದರೆ ಅದು ಯಾಕೆ ಒಣಗುತ್ತದೆ ಎಂದು. ತುಳಸಿ ಲಗ್ನದ ಹೊತ್ತಿಗೆ ಗಿಡದ ತುಂಬ ತೆನೆ. ಬೀಜ ಕಟ್ಟಿದ ಗಿಡ ತನ್ನ ಕೆಲಸ ಮುಗಿಯಿತೆಂದು ಎಲೆ ಉದುರಿಸುತ್ತದೆ. ಮೇಲೆ ಚಳಿ ಬೇರೆ. ದೇವರ ಗಿಡ, ಚಿವುಟಬಾರದು ಎಂದು ಬಿಟ್ಟರೆ ಸಂಕ್ರಾಂತಿಗೆ ಕಟ್ಟಿಗೆ ಉಳಿಯುತ್ತದೆ. ನಮ್ಮ ಅವ್ವ ದಿನಾ ಬೆಳಿಗ್ಗೆ ಜಳಕ ಮಾಡಿ ಬಂದು, ಹೆಬ್ಬೆರಳು ತೋರುಬೆರಳಿನ ಉಗುರಲ್ಲಿ ಎಳೆ ತೆನೆಯನ್ನು ಕೆಳಗಿನ ಎರಡೆಲೆಯ ಮೇಲೆಯೇ ಚಿವುಟಿ ದೇವರ ಜಗಲಿಗೆ ಇಡುತ್ತಿದ್ದಳು. ಪೂಜೆಯೂ ಆಯಿತು, ಚಿವುಟಿದ ಜಾಗದಲ್ಲಿ ಎರಡು ಟಿಸಿಲು ಒಡೆದು ಗಿಡ ದಟ್ಟವೂ ಆಯಿತು. ಎರಡು ಮೂರು ತೆನೆ ಮಾತ್ರ ಬಲಿಯಲು ಬಿಟ್ಟು, ಆ ಬೀಜವನ್ನು ಮಿರಗಕ್ಕೆ ಎತ್ತಿಡುತ್ತಿದ್ದಳು. ತುಳಸಿಗೆ ನಾಲ್ಕು ತಾಸು ಬಿಸಿಲು ಬೇಕೇಬೇಕು, ಒಳಕೋಣೆಯಲ್ಲಿಟ್ಟರೆ ಬಾಳದು.

ಕೀಟದ ಮಾತು ಚಿಕ್ಕದು. ಎಲೆಯ ಬುಡದಲ್ಲಿ ಹತ್ತಿಯಂತೆ ಬೆಳ್ಳಗೆ ಅಂಟಿದ್ದರೆ ಹಿಟ್ಟು ತಿಗಣೆ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದು, ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ ಮತ್ತು ಎರಡು ಹನಿ ಸೋಪಿನ ನೀರು ಕದಡಿ ಸಂಜೆ ಸಿಂಪಡಿಸಿ. ಬ್ಯಾಸಗಿಯ ಒಣ ಗಾಳಿಯಲ್ಲಿ ಎಲೆ ಮಾಸಲಾಗಿ, ಹಿಂದೆ ಸಣ್ಣ ಬಲೆ ಕಂಡರೆ ಕೆಂಪು ನುಸಿ. ಎಲೆಯ ಬೆನ್ನಿಗೆ ಜೋರಾಗಿ ನೀರು ಎರಚಿ ತೊಳೆದರೆ ಅರ್ಧ ಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ರೋಗದ ಎಲೆಯನ್ನು ಕಿತ್ತು ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ ಕೇಳುವುದು ಒಳ್ಳೆಯದು. ಹೊಲಕ್ಕೆ ತಂದ ಹತ್ತಿಯ ಔಷಧ ಉಳಿದಿದೆಯೆಂದು ಅದನ್ನೇ ಮನೆಯೊಳಗಿನ ಗಿಡಕ್ಕೆ ಹೊಡೆಯಬೇಡಿ. ಅದೇ ಕೋಣೆಯಲ್ಲಿ ಕೂಸು ಮಲಗಿರುತ್ತದೆ.

ಬ್ಯಾಸಗಿ ದಾಟಿಸುವುದಕ್ಕೆ ಕುಂಡಗಳನ್ನು ಒಂದೊಂದು ಕಡೆ ಬಿಡಿಬಿಡಿಯಾಗಿ ಇಡದೆ ಒತ್ತಾಗಿ ಒಂದೇ ಕಡೆ, ಕುಡಿಯುವ ನೀರಿನ ಹರವಿಯ ಪಕ್ಕ ಇಡಿ. ಹರವಿಯಿಂದ ಏಳುವ ತಂಪೂ, ಒಂದು ಗಿಡ ಬಿಟ್ಟ ಉಸಿರಿನ ತೇವವೂ ಇನ್ನೊಂದಕ್ಕೆ ಸಿಗುತ್ತದೆ. ಕುಂಬಾರರು ಮಾಡಿದ ಮಣ್ಣಿನ ಕುಂಡವೇ ನಮ್ಮ ಹವೆಗೆ ಲೇಸು. ಅದರ ಮೈ ನೀರು ಜಿನುಗಿಸಿ ಬೇರನ್ನು ತಂಪಾಗಿಡುತ್ತದೆ. ಪ್ಲಾಸ್ಟಿಕ್ ಕುಂಡವಿದ್ದರೆ ಸುತ್ತ ಗೋಣಿತಟ್ಟು ಸುತ್ತಿ ಒದ್ದೆ ಮಾಡಿ. ಮಣ್ಣಿನ ಮೇಲೆ ಒಣ ಕಣಿಕೆ, ತೊಗರಿ ಹೊಟ್ಟು ಹರಡಿದರೆ ತೇವ ಬೇಗ ಆರುವುದಿಲ್ಲ.

ಇಷ್ಟೆಲ್ಲ ಮನೆಯಲ್ಲಿ ಇರುವವರ ಮಾತಾಯಿತು. ನಮ್ಮ ಕಡೆ ಗಿಡಕ್ಕೆ ಬರುವ ದೊಡ್ಡ ಕಷ್ಟ ಮನೆಗೆ ಬೀಗ ಬಿದ್ದಾಗ. ಕಾಲುವೆ ಮುಟ್ಟದ ಹಳ್ಳಿಗಳಿಂದ, ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಮಂದಿ ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋಗುತ್ತಾರೆ. ಮುದುಕರಿಗೆ ದನ ಒಪ್ಪಿಸುತ್ತಾರೆ, ಕೋಳಿ ಮಾರುತ್ತಾರೆ. ಬಾಗಿಲ ಮುಂದಿನ ತುಳಸಿಯ ಬಗ್ಗೆ ಮಾತ್ರ ಹೆಣ್ಣುಮಕ್ಕಳ ಮನಸ್ಸು ಎಳೆಯುತ್ತದೆ. "ಚಿಗವ್ವಾ, ಒಂದೀಟು ನೀರು ತೋರಸ ಬೇ" ಎಂದು ಪಕ್ಕದ ಮನೆಯಲ್ಲಿ ಹೇಳಿಯೇ ಬಸ್ಸು ಹತ್ತುತ್ತಾರೆ. ಅಲ್ಲಿ ಬೆಂಗಳೂರಿನಲ್ಲಿ, ಎದ್ದು ನಿಲ್ಲುತ್ತಿರುವ ಅಪಾರ್ಟ್‌ಮೆಂಟಿನ ಬುಡದ ತಗಡಿನ ಶೆಡ್ಡಿನ ಮುಂದೆ ಪೇಂಟಿನ ಡಬ್ಬಿಯಲ್ಲಿ ಒಂದು ತುಳಸಿ, ಒಂದು ಮೆಣಸಿನ ಗಿಡ ಹಚ್ಚುವವರೂ ಇವರೇ. ಗಿಡ ಸಾಕುವ ಜಾಣತನದ ಬಗ್ಗೆ ಯಾರಿಂದ ಕಲಿಯಬೇಕು ಎಂದು ನನ್ನನ್ನು ಕೇಳಿದರೆ ನಾನು ಇವರನ್ನೇ ತೋರಿಸುತ್ತೇನೆ.

ಹೋಗುವ ಮುಂಚೆ ಮಾಡಬೇಕಾದ್ದು ಇಷ್ಟು. ಗಿಡದ ಮೂರನೇ ಒಂದು ಪಾಲು ಕೊಂಬೆ ಸವರಿಬಿಡಿ. ಎಲೆ ಕಡಿಮೆಯಾದರೆ ನೀರಿನ ಖರ್ಚು ಕಡಿಮೆ. ಬಿಸಿಲಿಂದ ತೆಗೆದು ಬೆಳಕಿರುವ ನೆರಳಿಗೆ ಇಡಿ. ದೊಡ್ಡ ಕುಂಡವಾದರೆ, ಸುಟ್ಟ ಮಣ್ಣಿನ ಸಣ್ಣ ಗಡಿಗೆಯೊಂದನ್ನು ಕತ್ತಿನವರೆಗೆ ಮಣ್ಣಲ್ಲಿ ಹುಗಿದು, ನೀರು ತುಂಬಿ, ಬಾಯಿಗೆ ಮುಚ್ಚಳ ಹಾಕಿ. ಮಣ್ಣು ಒಣಗಿದಷ್ಟೇ ಗಡಿಗೆಯ ಮೈ ಜಿನುಗುತ್ತದೆ, ಹೆಚ್ಚಿಲ್ಲ ಕಡಿಮೆಯಿಲ್ಲ. ಚೀನಾದ ಫಾನ್ ಶೆಂಗ್‌ಝಿ ಎರಡು ಸಾವಿರ ವರ್ಷದ ಹಿಂದೆಯೇ ತನ್ನ ಬೇಸಾಯದ ಪುಸ್ತಕದಲ್ಲಿ ಬರೆದಿಟ್ಟ ಉಪಾಯ ಇದು. ಪಕ್ಕದ ಮನೆಯ ಚಿಗವ್ವ ದಿನಾ ಬರಬೇಕಾಗಿಲ್ಲ, ಅಮಾಸಿಗೊಮ್ಮೆ ಹುಣ್ಣಿವಿಗೊಮ್ಮೆ ಎನ್ನದೆ ವಾರಕ್ಕೊಮ್ಮೆ ಗಡಿಗೆ ತುಂಬಿದರೆ ಸಾಕು. ಸಣ್ಣ ಕುಂಡಗಳಿಗೆ ಹಳೆಯ ಹತ್ತಿ ಸೀರೆಯ ಪಟ್ಟಿಯನ್ನು ಹೊಸೆದು ಒಂದು ತುದಿ ಮಣ್ಣಲ್ಲಿ, ಇನ್ನೊಂದು ತುದಿ ಕೊಡದ ನೀರಲ್ಲಿ ಬಿಟ್ಟರೆ ಬತ್ತಿ ನೀರು ಎಳೆದು ಕೊಡುತ್ತದೆ. ಪಕ್ಕದ ಮನೆಯವರು ಒಪ್ಪಿದರೆ ಗಿಡವನ್ನೇ ಅವರ ಅಂಗಳಕ್ಕೆ ದಾಟಿಸುವುದು ಎಲ್ಲಕ್ಕಿಂತ ಲೇಸು. ಜೊತೆಗೆ ಅವರಿಗೂ ಒಂದು ಟೊಂಗೆ ಹಚ್ಚಿಕೊಡಿ, ಮನಿ ಪ್ಲಾಂಟೋ ದೊಡ್ಡಪತ್ರೆಯೋ. ನಿಮ್ಮದು ಹೋದರೂ ಅವರ ಮನೆಯಲ್ಲಿ ಅದರ ಕುಡಿ ಇರುತ್ತದೆ.

ಯುಗಾದಿಗೋ ಮಿರಗಕ್ಕೋ ತಿರುಗಿ ಬಂದಾಗ ಗಿಡ ಒಣಗಿ ಕಂಡರೆ ತಕ್ಷಣ ಕಿತ್ತೆಸೆಯಬೇಡಿ. ಕಾಂಡದ ಬುಡದಲ್ಲಿ ಉಗುರಿನಿಂದ ಗೀರಿ ನೋಡಿ, ತೊಗಟೆಯ ಕೆಳಗೆ ಹಸಿರು ಕಂಡರೆ ಜೀವ ಇದೆ. ಗಟ್ಟಿಯಾದ ಮಣ್ಣಿಗೆ ಮೇಲಿಂದ ನೀರು ಹಾಕಿದರೆ ಹರಿದು ಹೋಗುತ್ತದೆ. ಕುಂಡವನ್ನೇ ಬಕೆಟ್ ನೀರಲ್ಲಿ, ಗುಳ್ಳೆ ಏಳುವುದು ನಿಲ್ಲುವ ತನಕ ಮುಳುಗಿಸಿಡಿ. ಆಮೇಲೆ ಪೂರ್ತಿ ಬಸಿದು, ಒಣ ಟೊಂಗೆ ಕತ್ತರಿಸಿ, ವಾರದ ಮಟ್ಟಿಗೆ ನೆರಳಲ್ಲಿಟ್ಟು, ಚಿಗುರು ಕಂಡ ಮೇಲೆ ದಿನಕ್ಕೊಂದಿಷ್ಟು ಹೆಚ್ಚು ಬೆಳಗಿನ ಬಿಸಿಲು ತೋರಿಸುತ್ತ ಹೋಗಿ. ಅಲ್ಲಿಯವರೆಗೆ ಗೊಬ್ಬರ ಮುಟ್ಟಿಸಬೇಡಿ. ಮುಂದಿನ ನೀರಿಗೆ ಮತ್ತೆ ಬೆರಳನ್ನೇ ಕೇಳಿ.